ಉಪ್ಪು ಕಮ್ಮಿ ಮಾಡಿ ಅಂತ ಒಬ್ಬರು, ಮುಟ್ಟಬೇಡಿ ಅಂತ ಇನ್ನೊಬ್ಬರು

ಆಹಾರದ ಬಗ್ಗೆ ಜನರಿಗೆ ಹೇಳಿಕೊಡುವ ತರಗತಿಗಳಲ್ಲಿ ಸಾಮಾನ್ಯವಾಗಿ ಮೂರು ವಿಷಯ ಇರುತ್ತವೆ. ತಿನ್ನುವುದರಿಂದ ಕಾಯಿಲೆ ಬರದ ಹಾಗೆ ನೋಡಿಕೊಳ್ಳುವುದು ಒಂದು. ಹಣ್ಣು ತರಕಾರಿ ಕೆಡದ ಹಾಗೆ ಮನೆಯಲ್ಲೇ ಕಾಪಿಡುವುದು ಇನ್ನೊಂದು. ಪೌಷ್ಟಿಕತೆ ಮೂರನೆಯದು. ಮೂರನ್ನೂ ಬೇರೆ ಬೇರೆ ದಿನ, ಬೇರೆ ಬೇರೆಯವರು ಹೇಳಿಕೊಡುತ್ತಾರೆ. ಒಂದೊಂದು ಪಾಠವೂ ಅದರಷ್ಟಕ್ಕೆ ಸರಿಯಾಗೇ ಇರುತ್ತದೆ. ಕೇಳಿಸಿಕೊಂಡವರು ಮನೆಗೆ ಹೋಗಿ ಬಾಟಲಿ ತುಂಬಲು ನಿಂತಾಗ ಮಾತ್ರ ಈ ಮೂರು ಪಾಠಗಳು ಜಗಳಕ್ಕೆ ಬೀಳುತ್ತವೆ.

ಪೌಷ್ಟಿಕತೆಯ ಪಾಠ ಉಪ್ಪು ಕಮ್ಮಿ ಮಾಡಿ ಅನ್ನುತ್ತದೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಸಕ್ಕರೆಗೂ ಮಿತಿ ಇದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇಕಡ 10ಕ್ಕಿಂತ ಕಡಿಮೆ ಸಕ್ಕರೆಯಿಂದ ಬರಬೇಕು. ಇದು ಸೋಮವಾರದ ಪಾಠ. ಗುರುವಾರ ಇನ್ನೊಬ್ಬರು ಬಂದು, ಉಪ್ಪಿನಕಾಯಿಗೆ ಹೇಳಿದ ಅಳತೆಯ ಉಪ್ಪನ್ನು ಒಂದು ಚಿಟಿಕೆಯೂ ಕಮ್ಮಿ ಮಾಡಬೇಡಿ, ಕೆಟ್ಟು ಹೋಗುತ್ತದೆ ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರೊಬ್ಬರು ಕೈ ಎತ್ತಿ, "ಯಾರ ಮಾತು ಕೇಳೋದು ಮೇಡಂ?" ಅಂತ ಕೇಳುತ್ತಾರೆ.

ಈ ಪ್ರಶ್ನೆ ಬಂದಾಗ ಹೇಳಿಕೊಡುವವರು ತಡವರಿಸುವುದನ್ನು ನೋಡಿದ್ದೇನೆ. ನಾನು ಇಂಥ ತರಗತಿಗಳಲ್ಲಿ ಆಗಾಗ ಕೈಜೋಡಿಸುವವಳು. ಮುಂದೆ ನಿಂತು ಪಾಠ ಮಾಡುವುದಕ್ಕಿಂತ ಬಾಟಲಿ ತೊಳೆಯುವುದು, ಅಳತೆ ಮಾಡಿಕೊಡುವುದು ಜಾಸ್ತಿ. ಆದರೆ ಜನ ನಿಜವಾದ ಅನುಮಾನ ಕೇಳುವುದು ಬಾಟಲಿ ತೊಳೆಯುವವಳ ಹತ್ತಿರವೇ. ಕೇಳಿ ಕೇಳಿ ನನಗೆ ಅನ್ನಿಸಿದ್ದು ಇಷ್ಟು: ಎಷ್ಟು ಉಪ್ಪು ಹಾಕಬೇಕು ಅಂತ ಹೇಳುವುದಕ್ಕಿಂತ ಮೊದಲು, ಈ ಬಾಟಲಿಯಲ್ಲಿ ಉಪ್ಪಿಗೆ ಏನು ಕೆಲಸ ಅಂತ ಹೇಳಬೇಕು. ಅದೊಂದು ಗೊತ್ತಾದರೆ ಉಳಿದದ್ದನ್ನು ಜನ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಎರಡು ಬಾಟಲಿ ಪಕ್ಕಪಕ್ಕ ಇಟ್ಟು ನೋಡೋಣ. ಎರಡರಲ್ಲೂ ತರಕಾರಿ ಇದೆ, ಎರಡೂ ಹುಳಿಯಾಗಿವೆ. ಮೊದಲನೆಯದರಲ್ಲಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಒತ್ತಿ ಒತ್ತಿ ತುಂಬಿ, ಅದು ತಾನಾಗಿ ಹುಳಿ ಬರಲು ಬಿಟ್ಟಿದ್ದಾರೆ. ಎರಡನೆಯದರಲ್ಲಿ ತರಕಾರಿಯ ಮೇಲೆ ಕುದಿಯುವ ವಿನೆಗರ್ ಸುರಿದಿದ್ದಾರೆ. ನೋಡಲು ಅಣ್ಣತಮ್ಮಂದಿರು. ಒಳಗಿನ ವ್ಯವಹಾರ ಪೂರ್ತಿ ಬೇರೆ.

ಮೊದಲನೆಯದರಲ್ಲಿ ಉಪ್ಪೇ ಕಾವಲುಗಾರ. ಹೆಚ್ಚಿದ ಎಲೆಕೋಸಿನಲ್ಲಿ ಎಲ್ಲ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ತರಕಾರಿಯ ತೂಕದ ಶೇಕಡ 2ರಿಂದ 2.5ರಷ್ಟು ಉಪ್ಪು ಬಿದ್ದರೆ, ಕೊಳೆಸುವ ಜಾತಿಗಳು ಹಿಂದೆ ಸರಿಯುತ್ತವೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಜಾತಿಗಳು ಅಷ್ಟು ಉಪ್ಪನ್ನು ತಡೆದುಕೊಂಡು ಬೆಳೆಯುತ್ತವೆ. ಅವು ಆಮ್ಲ ಬಿಡುತ್ತಾ ಹೋದ ಹಾಗೆ ಬಾಟಲಿ ಹುಳಿಯಾಗುತ್ತದೆ. ಆಮೇಲೆ ಆ ಹುಳಿಯೇ ಅದನ್ನು ಕಾಯುತ್ತದೆ. ಆದರೆ ಹುಳಿ ಬರುವ ಮೊದಲ ಕೆಲವು ದಿನ ಕಾಯಲು ಉಪ್ಪು ಬಿಟ್ಟರೆ ಬೇರೆ ಯಾರೂ ಇಲ್ಲ. ಡಾಕ್ಟರು ಹೇಳಿದರು ಅಂತ ಇಲ್ಲಿ ಉಪ್ಪನ್ನು ಅರ್ಧ ಮಾಡಿದರೆ ಬಾಗಿಲು ತೆಗೆದಿಟ್ಟ ಹಾಗೆ. ತರಕಾರಿ ಮೆತ್ತಗಾಗಿ ಲೋಳೆ ಬರಬಹುದು. ಅದು ಕಣ್ಣಿಗೆ ಕಾಣುತ್ತದೆ, ಬಿಸಾಕುತ್ತೀರಿ. ಕಾಣದೇ ಇರುವ ಕೇಡೂ ಆಗಬಹುದು.

ಎರಡನೆಯ ಬಾಟಲಿಯಲ್ಲಿ ಕಾವಲು ವಿನೆಗರಿನದು. ಅಲ್ಲಿ ಉಪ್ಪು ರುಚಿಗೆ, ಸ್ವಲ್ಪ ಗಟ್ಟಿತನಕ್ಕೆ. ಕಮ್ಮಿ ಮಾಡಿದರೆ ಸಪ್ಪೆ ಆಗುತ್ತದೆ ಅಷ್ಟೆ. ಆದರೆ ವಿನೆಗರಿಗೆ ನೀರು ಬೆರೆಸುವ ಹಾಗಿಲ್ಲ. ಹುಳಿ ಜಾಸ್ತಿ ಅಂತ ವಿನೆಗರ್ ಕಮ್ಮಿ ಮಾಡಿ ನೀರು ಸೇರಿಸುವವರು ಎಷ್ಟೋ ಜನ. ಹುಳಿ ತಡೆಯದಿದ್ದರೆ ಸ್ವಲ್ಪ ಸಕ್ಕರೆ ಹಾಕಿ, ವಿನೆಗರ್ ಮಾತ್ರ ಕಮ್ಮಿ ಮಾಡಬೇಡಿ ಅಂತ ನಾವು ಹೇಳುತ್ತೇವೆ. ಸಕ್ಕರೆ ಬೇಡ ಅಂತ ಸೋಮವಾರ ಹೇಳಿದ್ದಾರಲ್ವಾ ಅಂತ ಮತ್ತೆ ಕೈ ಮೇಲೇಳುತ್ತದೆ!

ಸಕ್ಕರೆಯದೂ ಇದೇ ಕಥೆ. ಜಾಮ್‌ನಲ್ಲಿ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿಗೂ ಯೀಸ್ಟಿಗೂ ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ. ಜಾಮ್ ಗಟ್ಟಿಯಾಗುವುದಕ್ಕೂ ಹಣ್ಣಿನ ಪೆಕ್ಟಿನ್ (ಹಣ್ಣಿನಲ್ಲೇ ಇರುವ, ಗಟ್ಟಿ ಮಾಡುವ ಅಂಶ), ಆಮ್ಲದ ಜೊತೆ ಸಕ್ಕರೆ ಬೇಕು. ಸಕ್ಕರೆ ಅರ್ಧ ಮಾಡಿದರೆ ಜಾಮ್ ನೀರಾಗುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಕಡಿಮೆ ಸಕ್ಕರೆಯಲ್ಲೇ ಗಟ್ಟಿಯಾಗುವ ಬೇರೆ ಜಾತಿಯ ಪೆಕ್ಟಿನ್ ಸಿಗುತ್ತದೆ, ಅದಕ್ಕೆ ಅದರದೇ ಅಳತೆ ಇದೆ. ಅದೂ ಬೇಡ ಅಂದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕು. ಅದೇ ಹಣ್ಣಿನ ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಮುಳುಗಿಸಿ, ಬಾಟಲಿಗೆ ತುಂಬಿ, ಕುದಿಯುವ ನೀರಿನಲ್ಲಿಟ್ಟು ಮುಚ್ಚುವ ವಿಧಾನದಲ್ಲಿ ಸಕ್ಕರೆಗೆ ಕಾವಲಿನ ಕೆಲಸವೇ ಇಲ್ಲ. ಹಣ್ಣಿನ ಬಣ್ಣ, ಆಕಾರ ಚೆನ್ನಾಗಿ ಉಳಿಯುತ್ತದೆ ಅಷ್ಟೆ. ಬರೀ ನೀರಿನಲ್ಲೂ ಮಾಡಬಹುದು. ಹಾಗೇ, ಪ್ರೆಷರ್ ಕ್ಯಾನಿಂಗ್ ಮಾಡಿದ, ಅಂದರೆ ಬಾಟಲಿಗೆ ತುಂಬಿ ಒತ್ತಡದ ಪಾತ್ರೆಯಲ್ಲಿ ಬಿಸಿ ಮಾಡಿದ ತರಕಾರಿಗೆ ಹಾಕುವ ಉಪ್ಪು ಬರೀ ರುಚಿಗೆ. ಅಲ್ಲಿ ಕಾಯುವುದು ಶಾಖ. ರಕ್ತದೊತ್ತಡ ಇರುವವರು ಅದನ್ನು ಪೂರ್ತಿ ಬಿಟ್ಟರೂ ಏನೂ ಆಗುವುದಿಲ್ಲ.

ಹೀಗೆ ಒಂದೇ ಉಪ್ಪು ಒಂದು ಕಡೆ ಜೀವ ಕಾಯುತ್ತದೆ, ಇನ್ನೊಂದು ಕಡೆ ಸುಮ್ನೆ ಕೂತಿರುತ್ತದೆ. ಇದನ್ನು ಹೇಳದೆ ಎಲ್ಲವನ್ನೂ "ಅಳತೆ ಬದಲಿಸಬೇಡಿ" ಅನ್ನುವ ಒಂದೇ ಸಾಲಿಗೆ ಇಳಿಸಿದರೆ ಜನ ಏನು ಮಾಡುತ್ತಾರೆ? ಒಂದು ಸಲ ಬದಲಿಸಿ ನೋಡುತ್ತಾರೆ. ಏನೂ ಆಗುವುದಿಲ್ಲ. ಹೇಳಿದ್ದೆಲ್ಲ ಸುಮ್ನೆ ಹೆದರಿಸಲು ಅಂದುಕೊಳ್ಳುತ್ತಾರೆ. ಆಮೇಲೆ ಬದಲಿಸಲೇಬಾರದ್ದನ್ನೂ ಬದಲಿಸುತ್ತಾರೆ. ಕಾರಣ ಹೇಳದ ನಿಯಮ ಮುರಿದುಹೋಗುವುದೇ ಹೀಗೆ. ಮುರಿದವರನ್ನು ಬೈದು ಪ್ರಯೋಜನ ಇಲ್ಲ.

ಟೊಮೇಟೊ ಇದಕ್ಕೆ ಒಳ್ಳೆಯ ಉದಾಹರಣೆ. ಎಲ್ಲರೂ ಅದನ್ನು ಹುಳಿ ಅಂದುಕೊಂಡಿರುತ್ತಾರೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 4.6 ಒಂದು ಗಡಿ. ಪಿಎಚ್ ಅದಕ್ಕಿಂತ ಕೆಳಗಿದ್ದರೆ ಹುಳಿ ಸಾಕಷ್ಟಿದೆ, ಕುದಿಯುವ ನೀರಿನ ಶಾಖ ಸಾಕು. ಮೇಲಿದ್ದರೆ ಸಾಲದು. ಟೊಮೇಟೊ ಈ ಗಡಿಯ ಮೇಲೇ ಓಡಾಡುತ್ತದೆ. ತಳಿ ಯಾವುದು, ಎಷ್ಟು ಹಣ್ಣಾಗಿದೆ ಅನ್ನುವುದರ ಮೇಲೆ ಆ ಕಡೆ ಈ ಕಡೆ ಹೋಗುತ್ತದೆ. ನಾಲಿಗೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ಅಮೆರಿಕದ ಕೃಷಿ ಇಲಾಖೆಯ ಕ್ಯಾನಿಂಗ್ ಕೈಪಿಡಿ, ಸುಮಾರು ಒಂದು ಲೀಟರ್ ಟೊಮೇಟೊಗೆ ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಿ ಅನ್ನುತ್ತದೆ. ಅದೂ ಬಾಟಲಿಯಲ್ಲಿ ಸಿಗುವ ನಿಂಬೆರಸ. ಮನೆಯ ನಿಂಬೆಹಣ್ಣು ಒಂದು ತುಂಬ ಹುಳಿ ಇದ್ದರೆ ಇನ್ನೊಂದು ಕಮ್ಮಿ. ಬಾಟಲಿಯ ರಸ ಯಾವಾಗಲೂ ಒಂದೇ ಮಟ್ಟ. ತಾಜಾ ಹಣ್ಣೇ ಶ್ರೇಷ್ಠ ಅಂತ ನಂಬಿದವರಿಗೆ ಈ ಮಾತು ನುಂಗಲು ಕಷ್ಟ. ನನಗೂ ಬಾಟಲಿ ರಸದ ರುಚಿ ಹಿಡಿಸುವುದಿಲ್ಲ. ಆದರೆ ಇಲ್ಲಿ ಅದು ಬಂದಿರುವುದು ರುಚಿಗಲ್ಲ.

ಟೊಮೇಟೊ ಸಾಸ್‌ಗೆ ಇನ್ನೊಂದು ಈರುಳ್ಳಿ, ಇನ್ನೊಂದಷ್ಟು ದಪ್ಪ ಮೆಣಸಿನಕಾಯಿ ಸೇರಿಸಿದರೆ ಏನಾಗುತ್ತದೆ? ಅವುಗಳಲ್ಲಿ ಹುಳಿ ಕಮ್ಮಿ. ಇಡೀ ಸಾಸಿನ ಪಿಎಚ್ ಮೇಲೇರುತ್ತದೆ. ಒಣ ಮಸಾಲೆ ಪುಡಿ ಬೇಕಾದಷ್ಟು ಹೆಚ್ಚು ಕಮ್ಮಿ ಮಾಡಿಕೊಳ್ಳಿ, ಅಂಥ ವ್ಯತ್ಯಾಸ ಆಗುವುದಿಲ್ಲ. ಕೈರುಚಿ ತೋರಿಸಲು ಇಲ್ಲಿ ಜಾಗ ಇದೆ. ಎಲ್ಲಿ ಇದೆ, ಎಲ್ಲಿ ಇಲ್ಲ ಅಂತ ಮೊದಲೇ ತೋರಿಸಿಬಿಟ್ಟರೆ ಅಡುಗೆಯವರಿಗೆ ಅವಮಾನ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ, ಕೆಟ್ಟಿದ್ದರೆ ವಾಸನೆಯಲ್ಲೇ ಗೊತ್ತಾಗಲ್ವಾ? ಇದು ಎಲ್ಲ ತರಗತಿಯಲ್ಲೂ ಬರುವ ಪ್ರಶ್ನೆ, ಬರಲೇಬೇಕಾದ ಪ್ರಶ್ನೆ. ನಮ್ಮ ಮೂಗು ತುಂಬ ಒಳ್ಳೆಯ ಸಾಕ್ಷಿ. ಹಳಸಿದ್ದು, ಕೊಳೆತಿದ್ದು, ಬೂಷ್ಟು ಹಿಡಿದದ್ದು ಎಲ್ಲವನ್ನೂ ಕಂಡುಹಿಡಿಯುತ್ತದೆ. ಆದರೆ ಆಹಾರವನ್ನು ಕೆಡಿಸುವ ಜೀವಿಗಳು ಬೇರೆ, ನಮ್ಮನ್ನು ಕೆಡವುವ ಜೀವಿಗಳು ಬೇರೆ. ಎರಡೂ ಒಟ್ಟಿಗೆ ಬರಲೇಬೇಕು ಅಂತ ಏನೂ ಇಲ್ಲ.

ಮನೆಯ ಕ್ಯಾನಿಂಗ್‌ನಲ್ಲಿ ಎಲ್ಲರೂ ಹೆದರುವುದು ಕ್ಲೋಸ್ಟ್ರಿಡಿಯಂ ಬಾಟುಲಿನಮ್ ಅನ್ನುವ ಬ್ಯಾಕ್ಟೀರಿಯಾಕ್ಕೆ. ಇದು ಮಣ್ಣಿನಲ್ಲಿ ಎಲ್ಲೆಲ್ಲೂ ಇರುತ್ತದೆ. ಕಷ್ಟಕಾಲ ಬಂದರೆ ಗಟ್ಟಿ ಹೊದಿಕೆಯ ಸ್ಪೋರ್ ಆಗಿ ಸುಮ್ಮನೆ ಕೂರುತ್ತದೆ. ಆ ಸ್ಪೋರ್‌ಗಳನ್ನು ಗಂಟೆಗಟ್ಟಲೆ ಕುದಿಸಿದರೂ ಕೆಲವು ಬದುಕಿ ಉಳಿಯುತ್ತವೆ. ತರಕಾರಿಯ ಜೊತೆ ಅವನ್ನು ತಿಂದರೆ ಆರೋಗ್ಯವಂತ ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. (ವರ್ಷ ತುಂಬದ ಮಗುವಿನ ವಿಷಯ ಬೇರೆ. ಅದರ ಕರುಳಿನಲ್ಲಿ ಅವು ಮೊಳೆಯಬಲ್ಲವು. ಅಷ್ಟು ಚಿಕ್ಕ ಮಕ್ಕಳಿಗೆ ಜೇನುತುಪ್ಪ ಬೇಡ ಅನ್ನುವುದು ಇದಕ್ಕೇ.) ಗಾಳಿ ಇಲ್ಲದ, ಹುಳಿ ಇಲ್ಲದ, ತೇವ ಇರುವ, ಬೆಚ್ಚಗಿನ ಜಾಗ ಸಿಕ್ಕಿದರೆ ಅವು ಎದ್ದು ಬೆಳೆದು ವಿಷ ತಯಾರಿಸುತ್ತವೆ. ಈಗ ನೋಡಿ, ತರಕಾರಿ ಕುದಿಸಿ ಬಾಟಲಿಗೆ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ ಕಪಾಟಿನಲ್ಲಿಟ್ಟರೆ ನಾವು ಮಾಡಿಕೊಟ್ಟದ್ದು ಅಂಥದ್ದೇ ಮನೆ. ಪೈಪೋಟಿಗೆ ಬರಬಹುದಾದ ಬೇರೆ ಬ್ಯಾಕ್ಟೀರಿಯಾಗಳನ್ನೂ ನಾವೇ ಕುದಿಸಿ ಕೊಂದಿರುತ್ತೇವೆ. ಮುಚ್ಚಳ "ಟಕ್" ಅಂತ ಒಳಗೆ ಕೂತರೆ ಜನ ಖುಷಿಪಡುತ್ತಾರೆ. ಗಾಳಿ ಹೋಗಿದೆ ಅನ್ನುವುದಷ್ಟೇ ಆ ಸದ್ದಿನ ಅರ್ಥ. ಈ ಬ್ಯಾಕ್ಟೀರಿಯಾಗೆ ಬೇಕಾಗಿದ್ದೂ ಅದೇ.

ಆ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ತಿಂದ 12ರಿಂದ 36 ಗಂಟೆಯೊಳಗೆ ಸಾಮಾನ್ಯವಾಗಿ ಲಕ್ಷಣ ಕಾಣುತ್ತವೆ. ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ಕೊನೆಗೆ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ಜರ್ಮನಿಯ ವೈದ್ಯ ಜಸ್ಟಿನಸ್ ಕೆರ್ನರ್ 1820ರ ಆಸುಪಾಸಿನಲ್ಲೇ ಹಾಳಾದ ಮಾಂಸದ ಸಾಸೇಜ್ ತಿಂದವರಲ್ಲಿ ಇದನ್ನು ಕಂಡು ಬರೆದಿಟ್ಟಿದ್ದ. ಕಾರಣ ಏನು ಅಂತ ಆಗ ತಿಳಿದಿರಲಿಲ್ಲ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲ್ಜೆಲ್ ಅನ್ನುವ ಹಳ್ಳಿಯಲ್ಲಿ, ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದವರು ಹಂದಿ ಮಾಂಸ ತಿಂದು ಕಾಯಿಲೆ ಬಿದ್ದರು. ಮೂವರು ಸತ್ತರು. ಬ್ಯಾಕ್ಟೀರಿಯಾ ತಜ್ಞ ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು.

ಇದೆಲ್ಲ ಹಳೇ ಕಾಲದ್ದು ಅನ್ನಿಸಬಹುದು. 2015ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ, ಒಂದು ಚರ್ಚಿನಲ್ಲಿ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತಂದು ಹಂಚಿಕೊಂಡು ತಿಂದ ಊಟದಲ್ಲಿ 29 ಜನರಿಗೆ ಬಾಟುಲಿಸಂ, ಅಂದರೆ ಈ ವಿಷದಿಂದ ಬರುವ ಕಾಯಿಲೆ, ಆಯಿತು. ಒಬ್ಬರು ತೀರಿಕೊಂಡರು. ಮೂಲ ಹುಡುಕಿದಾಗ ಸಿಕ್ಕಿದ್ದು ಆಲೂಗಡ್ಡೆಯ ಸಲಾಡ್. ಮನೆಯಲ್ಲಿ ಬಾಟಲಿಗೆ ತುಂಬಿಟ್ಟ ಆಲೂಗಡ್ಡೆಯಿಂದ ಮಾಡಿದ್ದು. ಅದನ್ನು ಪ್ರೆಷರ್ ಕ್ಯಾನರ್‌ನಲ್ಲಿ ಮಾಡಬೇಕಿತ್ತು, ಕುದಿಯುವ ನೀರಿನಲ್ಲಿ ಮಾಡಿದ್ದರು. ಆ ಸಲಾಡ್ ತಿಂದವರಿಗೆ ಅದು ಕೆಟ್ಟಿದೆ ಅಂತ ಅನುಮಾನ ಬರಲು ಏನೂ ಕಾರಣ ಇರಲಿಲ್ಲ. ತಂದವರಿಗೂ ಇರಲಿಲ್ಲ. ಅಷ್ಟು ಜನರಿಗೆ ಪ್ರೀತಿಯಿಂದ ಮಾಡಿ ತಂದಿದ್ದರು.

ಕುದಿಯುವ ನೀರಿಗೂ ಪ್ರೆಷರಿಗೂ ಏನು ವ್ಯತ್ಯಾಸ ಅಂದರೆ, ನೀರು ಎಷ್ಟೇ ಜೋರಾಗಿ ಕುದಿದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಎತ್ತರದ ಊರಿನಲ್ಲಿ ಅಷ್ಟೂ ಮುಟ್ಟುವುದಿಲ್ಲ. 1500 ಮೀಟರ್ ಎತ್ತರದಲ್ಲಿ ಸುಮಾರು 95ಕ್ಕೇ ಕುದಿಯುತ್ತದೆ. ಸ್ಪೋರ್ ಸಾಯಲು ಬೇಕಾಗಿರುವುದು 116ರಿಂದ 121 ಡಿಗ್ರಿ. ಅದು ಒತ್ತಡದಲ್ಲಿ ಮಾತ್ರ ಸಿಗುತ್ತದೆ. ಆ ಶಾಖ ಬಾಟಲಿಯ ನಟ್ಟನಡುವೆ ತಲುಪಬೇಕು. ತೆಳು ರಸದಲ್ಲಿ ಬೇಗ ತಲುಪುತ್ತದೆ, ಗಟ್ಟಿ ಕುಂಬಳಕಾಯಿ ಮುದ್ದೆಯಲ್ಲಿ ತಲುಪುತ್ತದೋ ಇಲ್ಲವೋ ಹೇಳಲಾಗದು. ಬಾಟಲಿಯ ಗಾತ್ರ, ಹೋಳಿನ ಗಾತ್ರ ಎಲ್ಲ ಲೆಕ್ಕಕ್ಕೆ ಬರುವುದು ಇಲ್ಲಿ. ಅನ್ನ ಬೇಳೆ ಬೇಯಿಸುವ ಚಿಕ್ಕ ಕುಕ್ಕರ್ ಸಾಲದಾ ಅಂತ ಕೇಳುತ್ತಾರೆ. ಸಾಲದು. ಅದು ಬೇಗ ಬಿಸಿಯಾಗಿ ಬೇಗ ಆರುತ್ತದೆ. ದೊಡ್ಡ ಕ್ಯಾನರ್‌ಗೆ ಗೊತ್ತು ಮಾಡಿದ ಸಮಯದಲ್ಲಿ, ಅದು ಬಿಸಿಯೇರುವ ಮತ್ತು ನಿಧಾನವಾಗಿ ಆರುವ ಹೊತ್ತಿನ ಶಾಖವೂ ಸೇರಿರುತ್ತದೆ. ಕ್ಯಾನರ್ ಇಲ್ಲದ ಮನೆಯವರಿಗೆ ನಾನು ಕೊಡುವ ಸಲಹೆ ನೇರ: ಹುಳಿ ಇಲ್ಲದ ತರಕಾರಿಯನ್ನು ಬಾಟಲಿಗೆ ತುಂಬುವ ಆಸೆ ಬಿಡಿ. ಒಣಗಿಸಿ, ಫ್ರೀಜರ್‌ನಲ್ಲಿಡಿ, ಹುಳಿ ಮಾಡಿ. ದಾರಿ ಬೇಕಾದಷ್ಟಿವೆ.

ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚಂದ ಕಾಣುತ್ತದೆ ಅಂತ ವಿಡಿಯೊ ನೋಡಿ ಮಾಡುವವರು ಜಾಸ್ತಿಯಾಗಿದ್ದಾರೆ. ಬೆಳ್ಳುಳ್ಳಿ ಮಣ್ಣಿನಿಂದ ಬಂದದ್ದು, ಹುಳಿ ಇಲ್ಲ, ಎಣ್ಣೆ ಗಾಳಿಯನ್ನು ತಡೆಯುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಂಥದ್ದೇ ಬೆಳ್ಳುಳ್ಳಿಯಿಂದ 36 ಜನ ಬಾಟುಲಿಸಂಗೆ ಸಿಕ್ಕಿಬಿದ್ದರು. ಫ್ರಿಜ್‌ನಲ್ಲಿ ಇಡಬೇಕಿದ್ದ ಬಾಟಲಿಯನ್ನು ಹೊರಗೇ ಇಟ್ಟಿದ್ದರು.

ಇಲ್ಲಿಗೆ ಬಂದಾಗ ತಪ್ಪದೆ ಬರುವ ಮಾತು ಇನ್ನೊಂದಿದೆ. "ನಮ್ಮಜ್ಜಿ ಹೀಗೇ ಮಾಡ್ತಿದ್ರು, ಯಾರಿಗೂ ಏನೂ ಆಗಿಲ್ಲ." ಇದಕ್ಕೆ ಕೆಲವರು ನಗುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ. ಹಳಬರ ಅಳತೆ ಬಹಳ ಸಲ ಸರಿಯಾಗೇ ಇತ್ತು. ಕಣ್ಣಳತೆಯಲ್ಲಿ ಹಾಕುತ್ತಿದ್ದ ಉಪ್ಪು ಹುಳಿ ಇವತ್ತಿನ ಲೆಕ್ಕಕ್ಕಿಂತ ಜಾಸ್ತಿಯೇ ಇರುತ್ತಿತ್ತು. ಅವರ ವಿಧಾನ ಅಷ್ಟು ವರ್ಷ ನಡೆದದ್ದು ಅದಕ್ಕೇ. ಕಾರಣ ತಿಳಿಯದೆಯೂ ಸರಿಯಾದದ್ದನ್ನು ಮಾಡಬಹುದು. ಫ್ರಾನ್ಸಿನ ನಿಕೊಲಾ ಅಪೇರ್ ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ನೀರಿನಲ್ಲಿ ಕುದಿಸಿ ಕಾಪಿಡುವುದನ್ನು ಕಂಡುಕೊಂಡು 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಆಹಾರ ಯಾಕೆ ಕೆಡುತ್ತದೆ ಅಂತ ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಸುಮಾರು ಅರ್ಧ ಶತಮಾನದ ನಂತರ. ಅಷ್ಟು ವರ್ಷ ಜನ ಕೈಯಿಂದ ಕಲಿತದ್ದನ್ನೇ ನಂಬಿ ನಡೆಸಿದರು.

ತೊಂದರೆ ಬರುವುದು ಮೊಮ್ಮಕ್ಕಳು ಅಜ್ಜಿಯ ವಿಧಾನವನ್ನು ಅರ್ಧ ಮಾತ್ರ ತೆಗೆದುಕೊಂಡಾಗ. ಹೆಸರು ಅಜ್ಜಿಯದು, ಉಪ್ಪು ಮಾತ್ರ ಡಾಕ್ಟರದು. ವಿನೆಗರ್ ಅರ್ಧ, ಎಣ್ಣೆ ಕಾಲು ಭಾಗ. ತಯಾರಿ ಮಾತ್ರ ಹಿಂದಿನದೇ, ಇಡುವ ಜಾಗವೂ ಅದೇ ಕಪಾಟು. ಅಜ್ಜಿ ಮಾಡುತ್ತಿದ್ದದ್ದು ಇದನ್ನಲ್ಲ. ಉಪ್ಪು ಕಮ್ಮಿ ಬೇಕು ಅಂದರೆ ಆ ಕಾವಲನ್ನು ಇನ್ಯಾರಿಗಾದರೂ ಒಪ್ಪಿಸಬೇಕು. ಫ್ರಿಜ್‌ಗೆ, ಹುಳಿಗೆ, ಶಾಖಕ್ಕೆ, ಇಲ್ಲದಿದ್ದರೆ ಬೇಗ ಮುಗಿಸುವುದಕ್ಕೆ. ಇದನ್ನು ಹೀಗೆ ಬಿಡಿಸಿ ಹೇಳಿದ ದಿನ ತರಗತಿಯಲ್ಲಿ ವಾದ ನಿಲ್ಲುತ್ತದೆ. ಅಜ್ಜಿಯನ್ನು ತಪ್ಪು ಅಂದಾಗ ಮಾತ್ರ ವಾದ ಬೆಳೆಯುತ್ತದೆ.

ಇಂಥ ಪಾಠ ಪುಸ್ತಕದಲ್ಲಿ ಶುರುವಾದದ್ದೂ ಅಲ್ಲ. 1910ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಮೇರಿ ಕ್ರೋಮರ್ ಅನ್ನುವ ಶಾಲಾ ಶಿಕ್ಷಕಿ ಹುಡುಗಿಯರ ಟೊಮೇಟೊ ಕ್ಲಬ್ ಕಟ್ಟಿದರು. ಒಬ್ಬೊಬ್ಬ ಹುಡುಗಿಯೂ ಎಕರೆಯ ಹತ್ತನೇ ಒಂದು ಭಾಗದಲ್ಲಿ ಟೊಮೇಟೊ ಬೆಳೆದು, ಅದನ್ನು ಡಬ್ಬಿಗೆ ತುಂಬಲು ಕಲಿಯಬೇಕಿತ್ತು. ಮಾರಿ ನಾಲ್ಕು ಕಾಸು ಕಾಣುವುದೂ ಅದರಲ್ಲಿ ಸೇರಿತ್ತು. 1914ರ ಸ್ಮಿತ್-ಲೀವರ್ ಕಾಯ್ದೆ ಬಂದ ಮೇಲೆ ವಿಶ್ವವಿದ್ಯಾಲಯಗಳ ತಿಳಿವಳಿಕೆಯನ್ನು ಹಳ್ಳಿಗಳಿಗೆ ತಲುಪಿಸಲು ಸರ್ಕಾರವೇ ಹಣ ಕೊಡತೊಡಗಿತು. ಮನೆಗೆಲಸದ ಪ್ರಾತ್ಯಕ್ಷಿಕೆ ನೀಡುವ ಮಹಿಳೆಯರು ಊರೂರಿಗೆ ಹೋದರು. ಅವರ ಪದ್ಧತಿ ಸರಳ. ಭಾಷಣ ಕಡಿಮೆ. ನಿಮ್ಮ ಮುಂದೆ ಮಾಡಿ ತೋರಿಸುತ್ತೇನೆ, ಆಮೇಲೆ ನನ್ನ ಮುಂದೆ ನೀವು ಮಾಡಿ. ಇವತ್ತಿಗೂ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಕಂಡಿಲ್ಲ. ಈ ಕೆಲಸಕ್ಕೆಂದೇ ಅಲ್ಲಿರುವ ಕಚೇರಿಗಳಲ್ಲಿ ಇನ್ನೊಂದು ಒಳ್ಳೆಯ ರೂಢಿ ಇದೆ. ಮನೆಯ ಕ್ಯಾನರಿನ ಮುಚ್ಚಳ ತಂದುಕೊಟ್ಟರೆ ಅದರ ಮೇಲಿನ ಒತ್ತಡದ ಮುಳ್ಳು ಸರಿಯಾಗಿ ತೋರಿಸುತ್ತದಾ ಅಂತ ಪರೀಕ್ಷೆ ಮಾಡಿಕೊಡುತ್ತಾರೆ. ಉಪದೇಶಕ್ಕೆ ಬಾರದವರೂ ಮುಚ್ಚಳ ಹಿಡಿದುಕೊಂಡು ಬರುತ್ತಾರೆ. ಮಾತು ಅಲ್ಲಿ ಶುರುವಾಗುತ್ತದೆ.

ಬಾಟುಲಿಸಂ ಬಗ್ಗೆ ಇಷ್ಟು ಉದ್ದ ಬರೆದೆ. ನಿಜ ಹೇಳಬೇಕೆಂದರೆ ಅದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಅಂದಾಜಿನಂತೆ ಕಲುಷಿತ ಆಹಾರದಿಂದ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷದ 20 ಸಾವಿರ ಜನ ಸಾಯುತ್ತಾರೆ. ಸತ್ತವರಲ್ಲಿ 1 ಲಕ್ಷದ 25 ಸಾವಿರ ಐದು ವರ್ಷದೊಳಗಿನ ಮಕ್ಕಳು. ಇದರಲ್ಲಿ ಹೆಚ್ಚಿನದು ಬಾಟಲಿಯಿಂದ ಬರುವುದಿಲ್ಲ. ತೊಳೆಯದ ಕೈ, ಕೆಟ್ಟ ನೀರು, ಹಸಿ ಮಾಂಸ ಹೆಚ್ಚಿದ ಮಣೆಯಲ್ಲೇ ಹೆಚ್ಚಿದ ಸೌತೆಕಾಯಿ, ಹೊರಗೇ ಬಿಟ್ಟ ಅಡುಗೆ, ಇಂಥವುಗಳಿಂದ. ಅದೇ ಸಂಸ್ಥೆ 2001ರಲ್ಲಿ ಐದು ಮಾತುಗಳ ಒಂದು ಪೋಸ್ಟರ್ ತಂದಿತು: ಶುಚಿಯಾಗಿರಿ, ಹಸಿಯದನ್ನೂ ಬೆಂದದ್ದನ್ನೂ ಬೇರೆ ಇಡಿ, ಪೂರ್ತಿ ಬೇಯಿಸಿ, ಸರಿಯಾದ ಶಾಖದಲ್ಲಿ ಅಥವಾ ತಣ್ಣಗೆ ಇಡಿ, ಒಳ್ಳೆಯ ನೀರು ಸಾಮಾನು ಬಳಸಿ. 80ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಚೆನ್ನಾಗಿದೆ. ಗೋಡೆಗೆ ಅಂಟಿಸಿದ ಮೇಲೆ ಯಾರೂ ಓದುವುದಿಲ್ಲ ಅನ್ನುವುದೊಂದು ಕೊರತೆ.

ಐದರಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ನಡುವೆ ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುತ್ತವೆ. ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ ಅನ್ನುವುದು ಇದಕ್ಕೇ. ಜನ ಇದಕ್ಕೆ ಕೊಡುವ ಉತ್ತರ, "ತಿನ್ನೋ ಮುಂಚೆ ಚೆನ್ನಾಗಿ ಬಿಸಿ ಮಾಡ್ತೀವಲ್ಲ." ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಅಷ್ಟರೊಳಗೆ ಅವು ಬಿಟ್ಟ ವಿಷ ಎಲ್ಲ ಸಲವೂ ಹೋಗುವುದಿಲ್ಲ. ಬಾಟುಲಿನಮ್ ವಿಷ ಹತ್ತು ನಿಮಿಷ ಕುದಿಸಿದರೆ ಹೋಗುತ್ತದೆ. ವಿಚಿತ್ರ ಅಂದರೆ, ಅಷ್ಟೇನೂ ಹೆಸರಿಲ್ಲದ ಸ್ಟೆಫಿಲೊಕಾಕಸ್ ವಿಷ, ಹೊರಗೆ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಬಿಡುವ ವಾಂತಿ ತರಿಸುವ ವಿಷ, ಎರಡೂ ಕುದಿಸಿದರೂ ಉಳಿಯುತ್ತವೆ. ಬಿಸಿ ಅಡುಗೆಯನ್ನು ಪೂರ್ತಿ ಆರುವವರೆಗೆ ಫ್ರಿಜ್‌ಗೆ ಇಡಬಾರದು ಅನ್ನುವ ನಂಬಿಕೆ ಇಲ್ಲಿ ಅಡ್ಡ ಬರುತ್ತದೆ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ಎರಡು ಮೂರು ಪಾತ್ರೆಗೆ ಹಂಚಿದರೆ ಬೇಗ ಆರುತ್ತದೆ, ಆಮೇಲೆ ಒಳಗಿಡಬಹುದು. ಫ್ರಿಜ್ ಇಲ್ಲದ ಮನೆಯವರಿಗೆ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ ಅಂತ ಹೇಳುವುದು ಸುಲಭ. ಹಗಲಿಡೀ ದುಡಿದು ಬರುವವರಿಗೆ ಅದು ಎಷ್ಟು ಕಷ್ಟ ಅಂತ ಹೇಳುವವರಿಗೂ ಗೊತ್ತಿರಬೇಕು.

ಪೌಷ್ಟಿಕತೆಯ ಕಡೆಯಿಂದ ಬಾಟಲಿ ಆಹಾರಕ್ಕೆ ಬರುವ ಇನ್ನೊಂದು ಆರೋಪ, ಅದರಲ್ಲಿ ಸತ್ವ ಇರುವುದಿಲ್ಲ ಅನ್ನುವುದು. ಭಾಗಶಃ ನಿಜ. ಸಿ ಜೀವಸತ್ವ ಶಾಖಕ್ಕೂ ಗಾಳಿಗೂ ಹಾಳಾಗುತ್ತದೆ, ನೀರಿಗೆ ಇಳಿದುಹೋಗುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಎ ಜೀವಸತ್ವ ಕೊಡುವ ಬೀಟಾ ಕ್ಯಾರೊಟಿನ್ ಕೂಡ ಕಡಿಮೆಯಾಗುತ್ತದೆ, ನೆರಳಲ್ಲಿ ಒಣಗಿಸಿದರೆ ಹೆಚ್ಚು ಉಳಿಯುತ್ತದೆ. ನಾರು, ಖನಿಜಗಳಿಗೆ ಅಷ್ಟು ನಷ್ಟವಿಲ್ಲ. ಟೊಮೇಟೊದ ಕೆಂಪು ಬಣ್ಣದ ಲೈಕೊಪಿನ್ ಬೇಯಿಸಿದ ಮೇಲೆಯೇ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಇಷ್ಟು ಹೇಳಿ, ಹೋಲಿಕೆಯನ್ನು ಸರಿಯಾಗಿ ಮಾಡಬೇಕು ಅನ್ನುತ್ತೇನೆ. ಬಾಟಲಿಯ ಟೊಮೇಟೊವನ್ನು ಗಿಡದಿಂದ ಈಗಷ್ಟೇ ಕಿತ್ತ ಟೊಮೇಟೊ ಜೊತೆ ಹೋಲಿಸಿ ಏನು ಬಂತು? ಬೆಳೆ ಇಲ್ಲದ ತಿಂಗಳಲ್ಲಿ ತಟ್ಟೆಯಲ್ಲಿ ಅದರ ಬದಲು ಏನಿರುತ್ತದೆ ಅಂತ ನೋಡಬೇಕು. ಕೆಲವು ಮನೆಗಳಲ್ಲಿ ಏನೂ ಇರುವುದಿಲ್ಲ.

ನಾನು ಕೈಜೋಡಿಸುವ ತರಗತಿಯಲ್ಲಿ ಈಗ ತಯಾರಿಯ ಹಾಳೆಗಳಿಗೆ ಒಂದು ಹೊಸ ಕಾಲಂ ಸೇರಿಸಿದ್ದೇವೆ. ಸಾಮಾನು, ಅಳತೆ ಆದ ಮೇಲೆ "ಇದರ ಕೆಲಸ" ಅಂತ ಇರುತ್ತದೆ. ಉಪ್ಪಿನ ಎದುರು ಒಂದು ಹಾಳೆಯಲ್ಲಿ "ಕಾವಲು, ಕಮ್ಮಿ ಮಾಡಬೇಡಿ" ಅಂತ ಇದ್ದರೆ, ಇನ್ನೊಂದರಲ್ಲಿ "ರುಚಿ, ಬಿಟ್ಟರೂ ಸರಿ" ಅಂತ ಇರುತ್ತದೆ. ಕೆಳಗೆ ಪೌಷ್ಟಿಕತೆಯವರ ಸಾಲೂ ಸೇರಿದೆ: ಒಂದು ಊಟಕ್ಕೆ ಇದನ್ನು ಎಷ್ಟು ಬಡಿಸಿಕೊಳ್ಳಬೇಕು ಅಂತ. ಉಪ್ಪು ಜಾಸ್ತಿ ಇರುವ ಉಪ್ಪಿನಕಾಯಿಯನ್ನು ತಯಾರಿಯಲ್ಲಿ ತಿದ್ದಲು ಆಗದಿದ್ದರೂ ತಟ್ಟೆಯಲ್ಲಿ ತಿದ್ದಬಹುದಲ್ಲ. ಈ ಸಾಲು ಬರೆಸುವುದಕ್ಕೆ ಸೋಮವಾರದವರನ್ನೂ ಗುರುವಾರದವರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕಾಯಿತು. ಹಾಳೆ ಉದ್ದವಾಯಿತು ಅಂತ ಈಗಾಗಲೇ ದೂರು ಬಂದಿದೆ. ಅಕ್ಷರ ಚಿಕ್ಕದು ಮಾಡಿ ಒಂದೇ ಪುಟಕ್ಕೆ ಹಿಡಿಸಿ ಅಂದರೆ ವಯಸ್ಸಾದವರಿಗೆ ಕಾಣುವುದಿಲ್ಲ. ಎರಡು ಪುಟವೇ ಇರಲಿ ಅಂತ ನಾನು ಹಠ ಹಿಡಿದಿದ್ದೇನೆ.